ಕಿಂಡಿಯಾಚೆಯ ಬಣ್ಣ

ಗಂಡಸಿಗೆ ಸವತಿಯ ಕಾಟ ಇರುವುದಿಲ್ಲ ಎಂದು ಯಾರು ಹೇಳಿದರೋ ಗೊತ್ತಿಲ್ಲ. ನನಗಿತ್ತು. ಮದುವೆಯಾದಂದಿನಿಂದ ನನ್ನ ಹೆಂಡತಿ ನನಗಿಂತ ಹೆಚ್ಚಾಗಿ ಒಂದು ಬಣ್ಣವನ್ನು ಪ್ರೀತಿಸಿದಳು. ಮನುಷ್ಯನಾಗಿದ್ದರೆ ಹೋಗಿ ಎರಡು ಬಿಟ್ಟು ಬರಬಹುದಿತ್ತು. ಬಣ್ಣದ ಕೊರಳಪಟ್ಟಿ ಹಿಡಿಯುವುದು ಹೇಗೆ?

ನಮ್ಮದು ಬಟ್ಟೆಗೆ ನೀಲಿ ಹಾಕುವ ಮನೆ. ಬೀದಿಯ ಕಡೆಗೆ ಅಂಗಡಿ, ನಡುವೆ ನಾವಿರುವ ಎರಡು ಕೋಣೆ, ಹಿಂದೆ ಬಣ್ಣದ ಕೋಣೆ, ಅದರಾಚೆ ಬಟ್ಟೆ ಒಣಗಿಸುವ ಅಂಗಳ. ಬಣ್ಣದ ಕೋಣೆ ಅವಳದು, ಅಂಗಳ ನನ್ನದು. ಅವಳು ಅದ್ದುತ್ತಾಳೆ. ನಾನು ಹಿಂಡುತ್ತೇನೆ, ಹಗ್ಗದ ಮೇಲೆ ಹರವುತ್ತೇನೆ, ಒಣಗಿದ ಮೇಲೆ ಇಸ್ತ್ರಿ ಮಾಡಿ ಮಡಚುತ್ತೇನೆ. ಬೀದಿಯವರು ಅವಳನ್ನು ನೀಲಕ್ಕ ಎನ್ನುತ್ತಾರೆ, ನನ್ನನ್ನು ಹಿಂಡಪ್ಪ ಎನ್ನುತ್ತಾರೆ. ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಅದೂ ಅಲ್ಲದೆ ನಾನು ಮನೆ ಅಳಿಯ. ತೊಟ್ಟಿ ಅವಳಪ್ಪನದು, ಛಾವಣಿ ಅವಳಪ್ಪನದು, ನಾನು ತಂದದ್ದು ಒಂದು ಇಸ್ತ್ರಿಪೆಟ್ಟಿಗೆ ಮತ್ತು ನನ್ನ ಮುಂಗೋಪ.

ಬಣ್ಣದ ಕೋಣೆಗೂ ಅಂಗಳಕ್ಕೂ ನಡುವಿನ ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಕಿಂಡಿ ಇದೆ. ಅದಕ್ಕೆ ಮರದ ಪುಟ್ಟ ಬಾಗಿಲು. ನೀಲಿಯ ತೊಟ್ಟಿ ಎಂದರೆ ಹಸುಗೂಸಿದ್ದ ಹಾಗೆ. ಬೆಚ್ಚಗಿರಬೇಕು, ಗಾಳಿ ತಾಗಬಾರದು, ಹೊತ್ತು ಹೊತ್ತಿಗೆ ತೌಡು ಉಣಿಸಬೇಕು, ಮುನಿದರೆ ರಮಿಸಬೇಕು. ಅದ್ದುವಾಗ ಯಾರೂ ಬಾಗಿಲು ತೆಗೆಯಕೂಡದು ಎನ್ನುವುದು ನನ್ನ ಮಾವನ ಕಾಲದ ಕಟ್ಟುನಿಟ್ಟು. ಆದ್ದರಿಂದ ಒಳಗೆ ಅವಳೊಬ್ಬಳೇ. ಬಟ್ಟೆ ತೊಟ್ಟಿಯಿಂದ ಎದ್ದು, ಗಾಳಿ ಕುಡಿದು, ನೀಲಿಯಾದ ಮೇಲೆ ಕಿಂಡಿ ತೆರೆದುಕೊಳ್ಳುತ್ತದೆ, ಒದ್ದೆ ಬಟ್ಟೆ ನನ್ನ ಕೈಗೆ ಬರುತ್ತದೆ. ಇಷ್ಟು ವರ್ಷ ಅದೇ ಮನೆಯಲ್ಲಿ ಉಂಡು ಮಲಗಿದರೂ ಬಟ್ಟೆ ತೊಟ್ಟಿಯಿಂದ ಮೇಲೇಳುವ ಗಳಿಗೆಯನ್ನು ನಾನು ಕಂಡಿರಲಿಲ್ಲ. ನನ್ನ ಸವತಿ ಇದ್ದದ್ದು ಆ ಗಳಿಗೆಯಲ್ಲಿ.

ಮದುವೆಯಾದ ಹೊಸತರಲ್ಲಿ ಅವಳೇ ಹೇಳಿದ್ದಳು. ತೊಟ್ಟಿಯೊಳಗಿನ ನೀರು ನೀಲಿಯಲ್ಲವಂತೆ, ಹಳದಿ ಬೆರೆತ ಹಸಿರಂತೆ. ಬಟ್ಟೆಯೂ ಹಸಿರಾಗಿಯೇ ಏಳುತ್ತದೆ. ಗಾಳಿ ತಾಗುತ್ತ ತಾಗುತ್ತ ನೀಲಿಗೆ ತಿರುಗುತ್ತದೆ. ಹಸಿರು ಹೋಗಿ ನೀಲಿ ಬರುವ ನಡುವೆ ಇನ್ನೊಂದು ಬಣ್ಣ ಬಂದು ಹೋಗುತ್ತದೆ. ಉಸಿರು ಒಳಗೆಳೆದು ಹೊರಗೆ ಬಿಡುವಷ್ಟು ಹೊತ್ತು.

"ಹೇಗಿರುತ್ತೆ?" ಎಂದು ಕೇಳಿದ್ದೆ. ಹೊಸ ಗಂಡ, ಎಲ್ಲ ಕೇಳುತ್ತಾನೆ.

"ಹೇಳೋಕ್ಕಾಗಲ್ಲ ರೀ. ಅದನ್ನ ಬಟ್ಟೆ ಮೇಲೆ ನಿಲ್ಲಿಸ್ಬೇಕು. ನಿಲ್ಲಿಸಿ ನಿಮಗೆ ತೋರಿಸ್ತೀನಿ" ಎಂದಿದ್ದಳು. ಹೇಳುವಾಗ ಅವಳ ಮುಖ ನನ್ನ ಕಡೆಗಿದ್ದರೂ ಕಣ್ಣು ನನ್ನ ಕಡೆ ಇರಲಿಲ್ಲ. ಅವತ್ತೇ ನನಗೆ ಹೊಟ್ಟೆಕಿಚ್ಚು ಶುರುವಾದದ್ದು.

ನಿಲ್ಲಿಸುವುದಕ್ಕೆ ಅವಳು ಮಾಡದ ಸಾಹಸವಿಲ್ಲ. ಬಾವಿ ನೀರು ಬಿಟ್ಟು ಮಳೆ ನೀರು ಹಿಡಿದಳು. ತೌಡು ಬಿಟ್ಟು ಖರ್ಜೂರ ಹಾಕಿದಳು. ಗಾಳಿ ತಾಗದಿರಲಿ ಎಂದು ಒದ್ದೆ ಬಟ್ಟೆಯನ್ನು ಎಣ್ಣೆಕಾಗದದಲ್ಲಿ ಸುತ್ತಿದಳು, ಡಬ್ಬಿಯಲ್ಲಿ ಹಾಕಿ ಮುಚ್ಚಿದಳು, ಒಮ್ಮೆ ಫ್ರಿಜ್ಜಿನಲ್ಲಿಟ್ಟಳು. ನಾನು ನೀಲಿ ಬೆಣ್ಣೆ ತಿಂದವನು. ಹಬೆಗೆ ಇಸ್ತ್ರಿ ಹಾಕಿ ಮಡಚಿಡುತ್ತೇನೆ ಎಂದು ಯಾರಾದರೂ ಹೊರಟರೆ ನೀವು ಏನನ್ನುತ್ತೀರಿ? ನಾನೂ ಅದನ್ನೇ ಅಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಕಿಂಡಿಯ ಹತ್ತಿರ ನಿಂತು, "ಸಾಕು ಬಾರೇ, ಊಟ ಮಾಡೋಣ" ಎಂದು ಕರೆಯುತ್ತಿದ್ದೆ. ಒಳಗಿನಿಂದ ಯಾವತ್ತೂ ಒಂದೇ ಉತ್ತರ: "ಇನ್ನೊಂದು ಸಲ ರೀ."

ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಬೀದಿಯವರೆಲ್ಲ ಅವಳ ನೀಲಿಯನ್ನು ಹೊಗಳುತ್ತಿದ್ದರು. ಅಂಥ ನೀಲಿ ಇನ್ನೆಲ್ಲೂ ಇಲ್ಲ ಎಂದು ದೂರದ ಬೀದಿಗಳಿಂದ ಹೊದಿಕೆ ತಂದುಕೊಡುತ್ತಿದ್ದರು. ಅವಳಿಗೆ ಮಾತ್ರ ಒಂದೊಂದು ಬಟ್ಟೆಯೂ ಕೈತಪ್ಪಿ ಹೋದ ಬಣ್ಣವೇ. ಕಿಂಡಿಯಿಂದ ನನ್ನ ಕೈಗೆ ಕೊಡುವಾಗ ಹೆಣ ಒಪ್ಪಿಸಿದ ಹಾಗೆ ಕೊಡುತ್ತಿದ್ದಳು. ನನಗೆ ಅವಳಿಂದ ಬೇಕಾಗಿದ್ದದ್ದು ಹೆಚ್ಚೇನಲ್ಲ. ಒಂದು ದಿನ, ಒಂದೇ ಒಂದು ದಿನ, ಅವಳ ಬಾಯಿಂದ "ಸಾಕು" ಎನ್ನುವ ಮಾತು ಬರಬೇಕು. ಬಂದು ನನ್ನ ಪಕ್ಕ ಅಂಗಳದ ಬೆಂಚಿನ ಮೇಲೆ ಕೂರಬೇಕು. ಇದು ದೊಡ್ಡ ಆಸೆಯೇ?

ಹೀಗಿರುವಾಗ ಅವಳ ಕಣ್ಣಿಗೆ ಪೊರೆ ಬಂತು.

ನಮಗಿಬ್ಬರಿಗೂ ಅದು ಬೇಗ ತಿಳಿಯಲಿಲ್ಲ. ತೊಟ್ಟಿಯ ಹಬೆ ಹೆಚ್ಚಾಗಿದೆ ಅಂದಳು. ಕಿಟಕಿಯ ಗಾಜಿಗೆ ಧೂಳು ಕೂತಿದೆ ಅಂದಳು. ಆಮೇಲೆ ಒಂದು ದಿನ ಊಟ ಬಿಟ್ಟು ಕೂತು, "ಆ ಬಣ್ಣ ಬರೋದೇ ನಿಂತುಹೋಗಿದೆ ರೀ. ಹಸಿರೂ ಇಲ್ಲ, ನಡುವಿನದೂ ಇಲ್ಲ. ಎಲ್ಲ ಒಂದೇ ಸಮ ಕಂದು" ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನೀರನ್ನು ಬೈದಳು, ತೌಡನ್ನು ಬೈದಳು, ತೌಡು ಮಾರುವವನನ್ನು ಬೈದಳು. ಕೊನೆಗೆ ಮೆಟ್ಟಿಲಿಲ್ಲದ ಕಡೆ ಕಾಲಿಟ್ಟು ಬಿದ್ದಾಗ ಮಗಳು ಅವಳನ್ನು ಕಣ್ಣಿನ ಆಸ್ಪತ್ರೆಗೆ ಹೊರಡಿಸಿದಳು. ನಮ್ಮ ಮಗಳು ಊರ ಬಸ್ಸು ಓಡಿಸುವವಳು. ಅವಳು ಹೊರಡಿ ಅಂದರೆ ಎಲ್ಲರೂ ಹೊರಡಬೇಕು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮಾತು ಮೆತ್ತಗೆ. "ಅಮ್ಮ, ಪೊರೆ ಪೂರ್ತಿ ಬಲಿತಿದೆ. ಕಣ್ಣೊಳಗೆ ಒತ್ತಡ ಏರ್ತಾ ಇದೆ. ಈಗ ತೆಗೆದ್ರೆ ಚೆನ್ನಾಗಿ ಕಾಣುತ್ತೆ. ಇನ್ನೂ ಮುಂದೆ ಹಾಕಿದ್ರೆ ಹಿಂದಿನ ನರ ಹಾಳಾಗುತ್ತೆ. ಆಮೇಲೆ ಯಾರೇನು ಮಾಡಿದ್ರೂ ನೋಟ ವಾಪಸ್ ಬರಲ್ಲ."

"ತೆಗೆದು ಏನು ಹಾಕ್ತೀರಿ?" ಎಂದು ಕೇಳಿದಳು ಇವಳು.

"ಹೊಸದೊಂದು ಚಿಕ್ಕ ಮಸೂರ. ಸ್ವಚ್ಛವಾಗಿರುತ್ತೆ."

"ಹಾಗಾದ್ರೆ ಈಗ ಬೇಡ" ಎಂದು ಎದ್ದುಬಿಟ್ಟಳು.

ಮನೆಗೆ ಬಂದು ಎಷ್ಟು ಕೂಗಾಡಿದೆನೋ ನನಗೇ ನೆನಪಿಲ್ಲ. ಅವಳ ತರ್ಕ ಏನೆಂದರೆ, ಆ ಬಣ್ಣ ನೋಡಿದ್ದು ಈ ಕಣ್ಣು. ಈ ಕಣ್ಣು ಹೋಗಿ ಗಾಜಿನ ಕಣ್ಣು ಬಂದರೆ ಬಣ್ಣಗಳೆಲ್ಲ ಬೇರೆಯಾಗುತ್ತವೆ. ಆಗ ಅದು ಯಾವುದು ಎಂದು ಗುರುತು ಹಿಡಿಯುವವರು ಯಾರು? ಆದ್ದರಿಂದ ಮೊದಲು ಬಟ್ಟೆಯ ಮೇಲೆ ಅದನ್ನು ನಿಲ್ಲಿಸಬೇಕು. ಕೈಯಲ್ಲಿ ಒಂದು ತುಂಡಿದ್ದರೆ ಸಾಕು, ಆಮೇಲೆ ಕಣ್ಣಿಗೆ ಏನು ಬೇಕಾದರೂ ಮಾಡಿಕೊಳ್ಳಲಿ.

"ಕಣ್ಣೇ ಹೋದ್ಮೇಲೆ ಆ ತುಂಡು ಇಟ್ಕೊಂಡು ಏನೇ ಮಾಡ್ತೀಯಾ? ಮೂಗು ಒರೆಸ್ಕೋತೀಯಾ?" ಎಂದೆ.

"ನಿಮಗೆ ಅರ್ಥ ಆಗಲ್ಲ, ಬಿಡಿ."

"ಹೌದಮ್ಮ, ನನಗೇನು ಅರ್ಥ ಆಗುತ್ತೆ, ನಾನು ಹಿಂಡೋನು."

ಅವಳು ಬಣ್ಣದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅಂಗಳದಲ್ಲಿ ಕೂತೆ. ಗಾಳಿಗೆ ಹೊದಿಕೆಗಳು ಉಬ್ಬಿ ಇಳಿಯುತ್ತಿದ್ದವು. ಆ ನೀಲಿ ಗೋಡೆಗಳ ನಡುವೆ ಮಧ್ಯಾಹ್ನದ ಹೊತ್ತು ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಬೆಳಕೂ ಒದ್ದೆಯಾಗಿರುತ್ತದೆ. ಹನಿ ತೊಟ್ಟಿಕ್ಕುವುದು ಬಿಟ್ಟರೆ ಬೇರೆ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಅವಳೂ ಅಂಗಳಕ್ಕೆ ಬಂದಳು. ನಾನಿರುವುದು ಅವಳಿಗೆ ಕಾಣಲಿಲ್ಲ. ಎರಡೂ ಕೈ ಮುಂದೆ ಚಾಚಿ, ಒಂದೊಂದು ಬಟ್ಟೆಯನ್ನೂ ಮುಟ್ಟುತ್ತ, ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡುತ್ತ, ಬಿಡುತ್ತ, ಸಾಲಿನಿಂದ ಸಾಲಿಗೆ ಹೋದಳು. ನಿದ್ದೆಯಲ್ಲಿ ನಡೆಯುವವರ ನಡಿಗೆ. ನನ್ನ ಮೊಣಕಾಲಿಗೆ ಅವಳ ಸೆರಗು ತಾಗಿತು, ಅವಳಿಗೆ ಗೊತ್ತಾಗಲಿಲ್ಲ. ಇವಳು ಕುರುಡಿಯಾಗುತ್ತಾಳೆ ಎಂದು ಆಗ ನನಗೆ ಮೊದಲ ಸಲ ನಿಜವಾಗಿ ಹೆದರಿಕೆಯಾಯಿತು. ಕೋಪವೆಲ್ಲ ಇಳಿಯಿತು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಒಂದು ಸುಳ್ಳು ಹೇಳಿ ಒಂದು ಕಣ್ಣು ಉಳಿಸಿದರೆ ತಪ್ಪೇನು? ಹೀಗೆಂದು ನಿರ್ಧಾರ ಮಾಡಿದೆ.

ತೊಟ್ಟಿಗೆ ವಿಶ್ರಾಂತಿ ಕೊಡುವ ದಿನ ಮಗಳು ಅಮ್ಮನನ್ನು ತನ್ನ ಬಸ್ಸಿನಲ್ಲಿ ಊರೆಲ್ಲ ಸುತ್ತಾಡಿಸಲು ಕರೆದುಕೊಂಡು ಹೋದಳು. ಅದಕ್ಕೆ ನಾನೇ ಕುಮ್ಮಕ್ಕು. ಅವರು ತಿರುವು ದಾಟಿದ್ದೇ ತಡ, ನಾನು ಬಣ್ಣದ ಕೋಣೆಗೆ ಕಳ್ಳನ ಹಾಗೆ ನುಗ್ಗಿದೆ. ಕತ್ತಲು ಕತ್ತಲು, ಬೆಚ್ಚಗೆ, ಹುಳಿ ವಾಸನೆ. ತೊಟ್ಟಿಯ ಮೇಲೆ ತಾಮ್ರದ ಹೊಳಪಿನ ನೊರೆ. ಹಸಿರಿಗೂ ನೀಲಿಗೂ ನಡುವಿನ ಬಣ್ಣ ತಾನೆ? ಅದೇನು ಬ್ರಹ್ಮವಿದ್ಯೆ? ನೀಲಿಯಲ್ಲಿ ಒಮ್ಮೆ ಅದ್ದಿ, ಆಮೇಲೆ ಮೂಲೆಯಲ್ಲಿದ್ದ ಹಳದಿ ಬಣ್ಣದ ಬಾನಿಯಲ್ಲಿ ಒಮ್ಮೆ ಅದ್ದಿದರೆ ಆಯಿತು. ಇಷ್ಟು ಸುಲಭದ ಉಪಾಯ ಅವಳಿಗೆ ಹೊಳೆಯಲಿಲ್ಲವಲ್ಲ ಎಂದು ನಗುವೂ ಬಂತು.

ಕೋಲು ತೆಗೆದುಕೊಂಡು ತೊಟ್ಟಿಯನ್ನು ಚೆನ್ನಾಗಿ ಕದಡಿದೆ, ಚಹಾಕ್ಕೆ ಸಕ್ಕರೆ ಕದಡುವ ಹಾಗೆ. ಬಿಳಿ ಬಟ್ಟೆ ಮುಳುಗಿಸಿದೆ. ಎತ್ತುವ ಹೊತ್ತಿಗೆ ಹಬೆ ಎದ್ದು ನನ್ನ ಕನ್ನಡಕ ಮಂಜಾಯಿತು. ಏನೂ ಕಾಣದೆ ಬಟ್ಟೆ ಜಾರಿ ನೆಲಕ್ಕೆ ಬಿತ್ತು, ಮುದ್ದೆಯಾಗಿ. ಕನ್ನಡಕ ಒರೆಸಿಕೊಂಡು ನೋಡುವಷ್ಟರಲ್ಲಿ ಅದು ನೀಲಿಯಾಗಿತ್ತು, ಮಡಿಕೆಯಿದ್ದ ಕಡೆ ಬಿಳಿಯಾಗಿಯೇ ಉಳಿದಿತ್ತು. ಪರವಾಗಿಲ್ಲ ಎಂದು ಹಳದಿಗೆ ಹಾಕಿದೆ. ಎತ್ತಿದಾಗ ಒಂದು ಬಣ್ಣ ಬಂದಿತ್ತು. ಅದಕ್ಕೆ ಏನನ್ನಬೇಕು? ನಿಂತ ಕೊಳದ ಅಂಚಿನಲ್ಲಿ ಕಪ್ಪೆ ಕೂರುತ್ತದಲ್ಲ, ಆ ಜಾಗದ ಬಣ್ಣ. ನನ್ನ ಎಡಗೈ ಮೊಣಕೈವರೆಗೆ ನೀಲಿ, ಬಲಗೈ ಹಳದಿ. ಸಾಬೂನು ಸವೆಯಿತೇ ಹೊರತು ಬಣ್ಣ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಒಳಗಿರುವಾಗ ನಾನು ಅಂಗಳದ ಕಡೆಯಿಂದ ಕಿಂಡಿ ತಟ್ಟಿದೆ. ಯಾವತ್ತೂ ಬಟ್ಟೆ ಅತ್ತಲಿಂದ ಇತ್ತ ಬರುತ್ತದೆ. ಅಂದು ಇತ್ತಲಿಂದ ಅತ್ತ ಹೋಯಿತು. "ಲೇ, ಇದು ನೀನು ಹೋದ ವಾರ ಅದ್ದಿದ್ದು. ಹಗ್ಗದ ಕೊನೇಲಿತ್ತು, ನಾನು ಗಮನಿಸಿರಲಿಲ್ಲ. ಒಣಗಿದ್ಮೇಲೆ ಬೇರೇನೇ ಕಾಣ್ತಾ ಇದೆ. ನೋಡು, ಇದೇ ಏನೋ." ಉದ್ದ ತೋಳಿನ ಅಂಗಿ ಹಾಕಿದ್ದೆ. ನನ್ನ ಸ್ವರ ನನಗೇ ಹಸಿ ಸುಳ್ಳು ಅನ್ನಿಸಿತು.

ಅವಳು ಬಟ್ಟೆ ತೆಗೆದುಕೊಂಡು ಒಳಗಿನ ಕಿಟಕಿಯ ಹತ್ತಿರ ಹೋದಳು. ಕಣ್ಣಿಗೆ ಒತ್ತಿ ಹಿಡಿದಳು, ದೂರ ಹಿಡಿದಳು. ನನ್ನ ಕಡೆ ತಿರುಗಿದಳು. ಈಗ ಬೈಗುಳ ಬರುತ್ತದೆ ಎಂದು ನಾನು ಕಿಂಡಿಯಲ್ಲಿ ಮುಖವಿಟ್ಟು ಉಸಿರು ಬಿಗಿಹಿಡಿದು ನಿಂತೆ. ಅವಳು ಕಣ್ಣು ಮುಚ್ಚಿದಳು. ಎಷ್ಟೋ ಹೊತ್ತು ಹಾಗೆಯೇ ಇದ್ದಳು. ತೊಟ್ಟಿಯ ಹಬೆ ಅವಳ ಸುತ್ತ ನಿಧಾನ ಏರುತ್ತಿತ್ತು. ಅವಳ ಮುಖದಲ್ಲಿ ನಾನು ಎಂದೂ ನೋಡದ ಒಂದು ಸಡಿಲಿಕೆ ಬಂತು, ಭಾರ ಇಳಿಸಿ ಕೂತವರ ಹಾಗೆ.

"ಹೌದು ರೀ. ಇದೇ" ಎಂದಳು. ಆಮೇಲೆ, "ಮಗಳಿಗೆ ಫೋನ್ ಮಾಡಿ. ಆಸ್ಪತ್ರೆಗೆ ಹೋಗೋಣ."

ನನಗೆ ಕುಣಿಯುವಷ್ಟು ಖುಷಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಆ ಖುಷಿ ಇಳಿಯಿತು, ನನ್ನನ್ನು ನಾನೇ ಬೈದುಕೊಂಡೆ. ಅಲ್ಲಯ್ಯಾ ಮಂಕೇ, ಆಪರೇಷನ್ ಆದ ಮೇಲೆ ಅವಳಿಗೆ ಕಣ್ಣು ಕಾಣುತ್ತದಲ್ಲ! ಕಂಡಾಗ ಮೊದಲು ಆ ಬಟ್ಟೆಯನ್ನೇ ಕೇಳುತ್ತಾಳಲ್ಲ! ಕಪ್ಪೆ ಕೂರುವ ಬಣ್ಣ ತೋರಿಸಿ, ಜೀವಮಾನವೆಲ್ಲ ಹುಡುಕಿದ್ದು ಇದೇ ಎಂದು ನಂಬಿಸಿದವನು ಗಂಡ ಎಂದು ತಿಳಿದರೆ? ಆ ಬಣ್ಣವನ್ನು ನಾನು ದ್ವೇಷಿಸಿದ್ದೆ ನಿಜ. ಆದರೆ ಅದಕ್ಕೆ ಹೀಗೆ ಮಸಿ ಬಳಿಯಬೇಕೆಂದು ಬಯಸಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಕಣ್ಣು ಬರಬೇಕು, ಬಂದರೆ ನನ್ನ ಕಥೆ ಮುಗಿಯಿತು.

ಆಸ್ಪತ್ರೆಯ ಪಡಸಾಲೆಯಲ್ಲಿ ಕಾಯುತ್ತ ಕೂತಲ್ಲೇ ನನಗೆ ತೂಕಡಿಕೆ ಬಂತು. ಕನಸಿನಲ್ಲಿ ಅಂಗಳಕ್ಕೆ ಕೊನೆಯೇ ಇರಲಿಲ್ಲ. ಹಗ್ಗದ ಮೇಲೆ ಹಗ್ಗ, ಹೊದಿಕೆಯ ಹಿಂದೆ ಹೊದಿಕೆ. ನಾನು ಒಂದೊಂದನ್ನೇ ಸರಿಸುತ್ತ ಅವಳನ್ನು ಹುಡುಕುತ್ತಿದ್ದೆ. ಪ್ರತಿ ಹೊದಿಕೆಯ ಹಿಂದೆಯೂ ಅವಳು ಈಗಷ್ಟೇ ಇದ್ದ ಹಾಗೆ ಬಟ್ಟೆ ಅಲುಗುತ್ತಿತ್ತು. ಮೇಲೆ ನೋಡಿದರೆ ಆಕಾಶವೇ ಒಂದು ಕಿಂಡಿ, ಅದರ ಪುಟ್ಟ ಬಾಗಿಲು ಮುಚ್ಚಿತ್ತು. ಬಡಿಯಲು ಕೈ ಎತ್ತಿದೆ. ನನ್ನ ಕೈಗೆ ಬಣ್ಣವೇ ಇರಲಿಲ್ಲ, ನೀರಿನ ಹಾಗೆ ಆಚೆಗಿನದು ಕಾಣುತ್ತಿತ್ತು. ಹೆದರಿ ಎಚ್ಚರಾದಾಗ ಮಗಳು ನನ್ನ ತೋಳು ಅಲುಗಿಸುತ್ತಿದ್ದಳು. "ಅಪ್ಪ, ಆಯ್ತು. ಚೆನ್ನಾಗಿ ಆಯ್ತಂತೆ. ಅಳ್ತಾ ಇದ್ದೀಯಲ್ಲೋ, ಒರೆಸ್ಕೋ."

ಮೊದಲು ಒಂದೇ ಕಣ್ಣು ಮಾಡಿದ್ದರು. ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದವಳು ಹೊಸಿಲ ಹತ್ತಿರವೇ ನಿಂತುಬಿಟ್ಟಳು.

"ನೆರಳೂ ನೀಲಿ ಇದೆ ರೀ" ಎಂದಳು.

ಮನೆಯೊಳಗೆ ಅವಳು ನಡೆದದ್ದನ್ನು ನೀವು ನೋಡಬೇಕಾಗಿತ್ತು. ಗೋಡೆಯನ್ನು ಮುಟ್ಟಿದಳು, ಹಾಲಿನ ಲೋಟದ ಅಂಚನ್ನು ನೋಡಿದಳು, ಕೊಡದ ನೀರನ್ನು ಬಗ್ಗಿ ನೋಡಿದಳು, ಗ್ಯಾಸಿನ ಉರಿ ಹಚ್ಚಿ ಅದರ ಮುಂದೆ ನಿಂತಳು. ಎಲ್ಲದರಲ್ಲೂ ಅಷ್ಟಷ್ಟು ನೀಲಿ ಇದೆಯಂತೆ, ಯಾರೋ ಮನೆಯನ್ನೆಲ್ಲ ತೊಳೆದು ಇಟ್ಟಿದ್ದಾರಂತೆ. ಒಂದು ಕಣ್ಣು ಮುಚ್ಚಿ ನನ್ನನ್ನು ನೋಡಿದಳು, ಅದನ್ನು ತೆರೆದು ಇನ್ನೊಂದು ಮುಚ್ಚಿ ನೋಡಿದಳು. "ಈ ಕಣ್ಣಿಗೆ ನೀವು ಹಳೇ ಕಾಗದ. ಈ ಕಣ್ಣಿಗೆ ಹೊಸ ಮದುಮಗ. ಆದ್ರೂ ಇಷ್ಟು ಸುಕ್ಕು ಯಾವಾಗ ಬಂತು?"

"ನೀನು ಒಳಗೆ ಬಾಗಿಲು ಹಾಕ್ಕೊಂಡಿದ್ದಾಗ" ಎಂದೆ. ಅವಳು ನಗಲಿಲ್ಲ, ನನ್ನ ಕೆನ್ನೆಯನ್ನು ಒಮ್ಮೆ ಮುಟ್ಟಿದಳು. ನನಗೆ ಅದು ಸಾಕಾಗಿತ್ತು, ಬಟ್ಟೆಯ ಮಾತು ಎತ್ತದೆ ಇದ್ದಿದ್ದರೆ.

"ಎಲ್ಲಿ ನನ್ನ ಬಟ್ಟೆ?"

"ಯಾವ ಬಟ್ಟೆ? ಈಗ್ಲೇ ಯಾಕೆ? ಡಾಕ್ಟ್ರು ಕಣ್ಣಿಗೆ ಆಯಾಸ ಮಾಡ್ಬೇಡಿ ಅಂದಿದ್ದಾರೆ. ಮಲಕ್ಕೋ. ಚಹಾ ಮಾಡ್ಲಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಇಸ್ತ್ರಿ ಮೇಜಿನ ಕಡೆ ನೋಡಿದೆ. ಅವಳು ನೇರ ಅಲ್ಲಿಗೆ ಹೋಗಿ ಮೇಜಿನ ಮೇಲಿನ ಕಂಬಳಿ ಎತ್ತಿದಳು. ಮದುವೆಯಾದಾಗಿನಿಂದ ನಾನು ಏನು ಬಚ್ಚಿಟ್ಟರೂ ಆ ಕಂಬಳಿಯ ಅಡಿಯಲ್ಲೇ ಎಂದು ಅವಳಿಗೆ ಗೊತ್ತಿರದೆ ಇರುತ್ತದೆಯೇ? ಬಟ್ಟೆ ತೆಗೆದುಕೊಂಡು ಅಂಗಳಕ್ಕೆ ಹೋದಳು. ನಾನು ಬಾಗಿಲ ಹಿಂದೆ ನಿಂತೆ. ಬಿಸಿಲಿನಲ್ಲಿ ಅದನ್ನು ಪೂರ್ತಿ ಬಿಡಿಸಿ ಹಿಡಿದಳು. ಮಚ್ಚೆ ಮಚ್ಚೆ, ಪಟ್ಟೆ ಪಟ್ಟೆ, ನಡುವೆ ನನ್ನ ಐದು ಬೆರಳಿನ ಹಳದಿ ಅಚ್ಚು.

ಅವಳ ಬೆನ್ನು ನಡುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ಓಡಿಹೋಗಿ, "ತಪ್ಪಾಯ್ತು ಕಣೇ, ನಿನ್ನ ಕಣ್ಣು ಹೋಗುತ್ತೆ ಅಂತ ಹೆದರಿ ಹಾಗೆ ಮಾಡ್ದೆ" ಎಂದೆ. ತಿರುಗಿದಳು. ನಗುತ್ತಿದ್ದಳು. ಹೊಸ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಬೆಂಚಿನ ಮೇಲೆ ಕುಸಿದು ಕೂತು, ಉಸಿರು ಸಿಗದ ಹಾಗೆ ನಗುತ್ತಿದ್ದಳು.

"ಅಯ್ಯೋ, ನಗಿಸ್ಬೇಡಿ, ಕಣ್ಣು ನೋಯುತ್ತೆ... ಇಷ್ಟು ಕೆಟ್ಟದಾಗಿರುತ್ತೆ ಅಂದ್ಕೊಂಡಿರ್ಲಿಲ್ಲ ರೀ!"

"ಅಂದ್ರೆ?"

"ಅಂದ್ರೇನು ಅಂದ್ರೆ? ಇಸ್ತ್ರಿ ವಾಸನೆ ಹೊಡೆಯೋ ಗಂಡ ಎರಡು ದಿನ ತೊಟ್ಟಿ ವಾಸನೆ ಹೊಡೆದ. ಸೆಖೆಯಲ್ಲಿ ಉದ್ದ ತೋಳಿನ ಅಂಗಿ ಹಾಕ್ಕೊಂಡು ಓಡಾಡಿದ. ನನ್ನ ತೊಟ್ಟೀನ ಯಾರೋ ಚಹಾ ಕದಡಿದ ಹಾಗೆ ಕದಡಿಟ್ಟಿದ್ರು, ಅದು ಮುನಿಸ್ಕೊಂಡು ಮೂಲೆ ಸೇರಿತ್ತು. ಸಮಾಧಾನ ಮಾಡೋಕೆ ಎಷ್ಟು ತೌಡು ತಿನ್ನಿಸ್ದೆ ಗೊತ್ತಾ? ಕಣ್ಣು ಹೋಗಿತ್ತು, ಮೂಗು ಹೋಗಿರ್ಲಿಲ್ಲ."

"ಮತ್ತೆ ಯಾಕೆ 'ಇದೇ' ಅಂದೆ?"

ಅವಳು ನಗು ನಿಲ್ಲಿಸಿದಳು. ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಸುಕ್ಕನ್ನು ಕೈಯಿಂದ ನೇವರಿಸಿದಳು.

"ಬೈಯೋಣ ಅಂತಾನೇ ತಿರುಗಿದೆ. ಕಿಂಡೀಲಿ ನಿಮ್ಮ ಮುಖ ಮಸುಕಾಗಿ ಕಾಣ್ತಿತ್ತು. ಉಸಿರು ಹಿಡ್ಕೊಂಡು ನಿಂತಿದ್ರಿ, ಪರೀಕ್ಷೆ ಬರೆದ ಹುಡುಗರ ಥರ. ಬೈಯೋಕೆ ಮುಂಚೆ ಉಸಿರು ತಗೊಳ್ಳೋಣ ಅಂತ ಕಣ್ಣು ಮುಚ್ಚಿದೆ. ಒಳಗೆ ಅದು ಇತ್ತು ರೀ."

"ಯಾವುದು?"

"ಅದೇ. ಆರಾಮಾಗಿತ್ತು. ನೋಡಿದೆ, ನೋಡಿದೆ, ಹೋಗ್ಲೇ ಇಲ್ಲ. ಬಟ್ಟೆ ಮೇಲೆ ನಿಲ್ಲದೇ ಇದ್ದದ್ದು ಅಲ್ಲಿ ಸುಮ್ಮನೆ ನಿಂತಿತ್ತು. ಇನ್ನು ಅದನ್ನ ಹಿಡೀಬೇಕು ಅಂತ ನನಗೆ ಅನ್ನಿಸ್ಲಿಲ್ಲ. ಹಲ್ಲು ಬಿದ್ದ ಜಾಗಾನ ನಾಲಿಗೆ ಹುಡುಕುತ್ತಲ್ಲ, ಹಾಗೆ ಆಸೆ ಎಲ್ಲಿ ಹೋಯ್ತು ಅಂತ ಹುಡುಕಿದೆ. ಇರ್ಲಿಲ್ಲ. ಒಳಗೆ ಇದ್ದದ್ದನ್ನ ನೋಡಿ 'ಇದೇ' ಅಂದೆ. ಇನ್ನು ಕಣ್ಣು ಯಾವುದಾದ್ರೇನು?"

ನನಗೆ ಅವಳ ಮಾತು ಪೂರ್ತಿ ಅರ್ಥವಾಗಲಿಲ್ಲ. ಅಳು ಮಾತ್ರ ಬಂತು, ನಾಚಿಕೆಯಿಲ್ಲದೆ ಅತ್ತೆ. ಅವಳು ಕಪ್ಪೆ ಬಣ್ಣದ ಬಟ್ಟೆಯಿಂದಲೇ ನನ್ನ ಮುಖ ಒರೆಸಿದಳು.

ಆ ಸಂಜೆ ಅವಳು ನನ್ನ ಪಕ್ಕ ಬೆಂಚಿನ ಮೇಲೆಯೇ ಕೂತಿದ್ದಳು. ಬೀದಿಯ ಸದ್ದು ದೂರವಾಗಿ, ಹೊದಿಕೆಗಳ ನಡುವಿನ ಬೆಳಕು ಇಳಿಯುತ್ತ ಹೋಯಿತು. ಇಷ್ಟು ವರ್ಷ ಬೇಕೆಂದದ್ದು ಇಷ್ಟೇ ತಾನೆ, ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಆದರೂ ಮನುಷ್ಯನ ಮನಸ್ಸು ನೋಡಿ, "ಸಾಕು" ಎನ್ನುವ ಮಾತನ್ನು ಅವಳು ಬಾಯಿಬಿಟ್ಟು ಅನ್ನಲಿಲ್ಲವಲ್ಲ ಎಂದು ಒಂದು ಹುಳ ಕೊರೆಯುತ್ತಲೇ ಇತ್ತು.

ಇನ್ನೊಂದು ಕಣ್ಣೂ ಆಗಿ, ಕೆಲಸ ಮಾಡಬಹುದು ಎಂದು ಡಾಕ್ಟರು ಹೇಳಿದ ಮೇಲೆ ಅವಳು ಮತ್ತೆ ತೊಟ್ಟಿಯ ಮುಚ್ಚಳ ತೆಗೆದಳು. ನಾನು ಅಂಗಳದಲ್ಲಿ ಹಗ್ಗ ಬಿಗಿಯುತ್ತಿದ್ದೆ. ಕಿಂಡಿ ತೆರೆಯಿತು. ಬಟ್ಟೆ ಬರಲಿಲ್ಲ, ಅವಳ ಮುಖ ಬಂತು.

"ಒಳಗೆ ಬನ್ನಿ."

"ನಾನಾ? ನಿಮ್ಮಪ್ಪ..."

"ನಮ್ಮಪ್ಪ ಬಾಗಿಲು ತೆಗೀಬಾರ್ದು ಅಂದಿದ್ರು. ಒಳಗೆ ಇಬ್ರು ಇರಬಾರ್ದು ಅಂದಿರ್ಲಿಲ್ಲ. ಒಬ್ಬಳೇ ನೋಡ್ಬೇಕು ಅಂತ ಇದ್ದದ್ದು ನನ್ನ ಆಸೆ. ಬನ್ನಿ, ಬಂದು ಬೇಗ ಬಾಗಿಲು ಹಾಕಿ. ಕನ್ನಡಕ ತೆಗೆದಿಡಿ."

ಹೋದೆ. ಕನ್ನಡಕ ಜೇಬಿಗಿಟ್ಟು ತೊಟ್ಟಿಯ ಹತ್ತಿರ ನಿಂತೆ. ಅವಳ ಕೈಗಳು ಮೊಣಕೈವರೆಗೆ ನೀರಿನಲ್ಲಿದ್ದವು, ಅಲುಗದೆ. ನೀರು ಕದಡಲೇ ಇಲ್ಲ. ನಿದ್ದೆ ಹೋದ ಮಗುವನ್ನು ಎತ್ತಿಕೊಳ್ಳುವ ಹಾಗೆ ಅವಳು ಬಟ್ಟೆಯನ್ನು ಎತ್ತಿದಳು.

ಎಲೆಯ ಹಸಿರು. ಮೇಲಂಚಿನಿಂದ ಅದು ಕರಗತೊಡಗಿತು. ಆಮೇಲೆ ಬಂತು. ನಾನು ಹೇಳಲಾರೆ. ಬಟ್ಟೆ ಬಟ್ಟೆಯಾಗಿ ಉಳಿಯಲಿಲ್ಲ, ಬೆಳಗಾಗುತ್ತಿರುವ ಒಂದು ಜಾಗ ಅವಳ ಎರಡು ಕೈಗಳ ನಡುವೆ ತೂಗುತ್ತಿತ್ತು. ನನ್ನ ಮೈಯೆಲ್ಲ ಹಗುರವಾಯಿತು. ಇಷ್ಟು ವರ್ಷ ಗೋಡೆಯ ಆಚೆ, ನನ್ನಿಂದ ಒಂದು ಕೈಯಳತೆಯಲ್ಲಿ, ದಿನಾ ಇದು ಬಂದು ಹೋಗುತ್ತಿತ್ತು! ಗೊತ್ತಿಲ್ಲದೆ ನನ್ನ ಕೈ ಚಾಚಿತು. ಅಂಚನ್ನು ಗಟ್ಟಿಯಾಗಿ ಹಿಡಿದೆ. ಹಿಡಿದಾಗ ನನ್ನ ಮುಷ್ಟಿಯಲ್ಲಿ ಇದ್ದದ್ದು ನೀಲಿ.

"ಬಂತು, ಹೋಯ್ತು" ಎಂದಳು ಅವಳು, ಮಗಳ ಬಸ್ಸಿನ ಬಗ್ಗೆ ಹೇಳುವ ಹಾಗೆ. ಅವಳ ಮುಖದಲ್ಲಿ ದುಃಖದ ಸುಳಿವೂ ಇರಲಿಲ್ಲ.

"ಇನ್ನೊಂದು ಸಲ" ಎಂದೆ. "ಲೇ, ಇನ್ನೊಂದೇ ಒಂದು ಸಲ ಅದ್ದೇ."

ಅವಳು ನನ್ನ ಮುಷ್ಟಿಯಿಂದ ಬಟ್ಟೆಯನ್ನು ಬೆರಳು ಬೆರಳಾಗಿ ಬಿಡಿಸಿಕೊಂಡಳು.

"ಸಾಕು ರೀ" ಎಂದಳು. "ಬಿಸಿಲು ಹೋಗೋಕೆ ಮುಂಚೆ ಹರವಿ, ಹೋಗಿ."

ಅವಳ ಬಾಯಿಂದ ಬರಲಿ ಎಂದು ಅರ್ಧ ಆಯುಷ್ಯ ಕಾದ ಮಾತು ಕೊನೆಗೂ ಬಂದಿತ್ತು. ನಾನು ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ತೊಟ್ಟಿಯ ನೊರೆಯನ್ನೇ ನೋಡುತ್ತ ನಿಂತಿದ್ದೆ.